2130 ಪಂದ್ಯ, ಒಂದು ದಿನವೂ ರಜೆ ಇಲ್ಲ

ಎಂಜಿನಿಯರಿಂಗ್ ಸೇರಿ ಕ್ರಿಕೆಟ್‌ನಲ್ಲಿ ಹೆಸರು ಮಾಡಿದವರು ನಮಗೆ ಗೊತ್ತು. ಅಮೆರಿಕದ ಬೇಸ್‌ಬಾಲ್‌ನಲ್ಲೂ ಅಂಥವನೊಬ್ಬ ಇದ್ದ. ಹೆಸರು ಲೂ ಗೆಹ್ರಿಗ್.

1903ರ ಜೂನ್ 19ರಂದು ನ್ಯೂಯಾರ್ಕ್‌ನಲ್ಲಿ ಹುಟ್ಟಿದ. ಅಪ್ಪ ಅಮ್ಮ ಜರ್ಮನಿಯಿಂದ ವಲಸೆ ಬಂದವರು. ನಾಲ್ಕು ಮಕ್ಕಳಲ್ಲಿ ಉಳಿದದ್ದು ಇವನೊಬ್ಬನೇ. ಅಪ್ಪನದು ತಗಡಿನ ಕೆಲಸ, ಆಗಾಗ ಕಾಯಿಲೆ. ಅಮ್ಮ ಕೊಲಂಬಿಯಾ ವಿಶ್ವವಿದ್ಯಾಲಯದ ಹುಡುಗರಿಗೆ ಅಡುಗೆ ಮಾಡಿ ಮನೆ ತೂಗಿಸ್ತಿದ್ದಳು. ಮಗ ಎಂಜಿನಿಯರ್ ಆಗ್ಬೇಕು ಅನ್ನೋದು ಅವಳ ಆಸೆ. ಮಗ ಅದೇ ಕೊಲಂಬಿಯಾದಲ್ಲಿ ಎಂಜಿನಿಯರಿಂಗ್ ಸೇರಿದ. ಆದರೆ ಮನೇಲಿ ಕಾಯಿಲೆ, ಕೈಯಲ್ಲಿ ಕಾಸಿಲ್ಲ. 1923ರಲ್ಲಿ ಯಾಂಕೀಸ್ ತಂಡ ಕರೆದಾಗ ಓದು ಬಿಟ್ಟು ಹೊರಟ.

1925ರ ಜೂನ್ 1ರಿಂದ ಅವನು ಸತತ 2130 ಪಂದ್ಯ ಆಡಿದ. ಬೆರಳು ಮುರಿದರೂ, ಬೆನ್ನು ಹಿಡಿದುಕೊಂಡರೂ ಒಂದನ್ನೂ ತಪ್ಪಿಸಲಿಲ್ಲ. ಜನ ಕಬ್ಬಿಣದ ಕುದುರೆ ಅಂತ ಕರೆದರು. ಆ ದಾಖಲೆ 1995ರವರೆಗೂ ಮುರಿಯಲಿಲ್ಲ.

1938ರಲ್ಲಿ ಹೊಡೆತದ ಬಲ ಕುಗ್ಗತೊಡಗಿತು. 1939ರ ಮೊದಲ 8 ಪಂದ್ಯಗಳಲ್ಲಿ ಬರೀ 4 ಹಿಟ್. ಒಮ್ಮೆ ತೀರಾ ಸುಲಭದ ಚೆಂಡೊಂದನ್ನು ಹಿಡಿದದ್ದಕ್ಕೆ ಜೊತೆಗಾರರು ಬೆನ್ನು ತಟ್ಟಿದರು. ಅಷ್ಟು ಚಿಕ್ಕ ಕೆಲಸಕ್ಕೂ ಶಹಬ್ಬಾಸ್ ಸಿಗ್ತಿದೆ ಅಂದ್ರೆ ಏನರ್ಥ ಅಂತ ಅವನಿಗೆ ಗೊತ್ತಾಯಿತು. ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ಮೇ 2ರಂದು ಡೆಟ್ರಾಯಿಟ್‌ನಲ್ಲಿ ಅವನೇ ಮ್ಯಾನೇಜರ್ ಹತ್ತಿರ ಹೋಗಿ ತನ್ನನ್ನು ಕೈಬಿಡಿ ಅಂದ. ಕ್ಯಾಪ್ಟನ್ ಆಗಿ, ತನ್ನ ಹೆಸರಿಲ್ಲದ ತಂಡದ ಪಟ್ಟಿಯನ್ನು ತಾನೇ ಅಂಪೈರ್‌ಗೆ ಕೊಟ್ಟು ಬಂದ.

ಜೂನ್ 19ರಂದು, 36ನೇ ಹುಟ್ಟುಹಬ್ಬದ ದಿನ, ಮೇಯೊ ಕ್ಲಿನಿಕ್‌ನ ವೈದ್ಯರು ಕಾಯಿಲೆಯ ಹೆಸರು ಹೇಳಿದರು: ಎ.ಎಲ್.ಎಸ್. ಮೋಟಾರ್ ನ್ಯೂರಾನ್ ಕಾಯಿಲೆಗಳಲ್ಲಿ ಇದೇ ಹೆಚ್ಚು ಕಾಣುವಂಥದ್ದು. ಫ್ರಾನ್ಸಿನ ವೈದ್ಯ ಷಾರ್ಕೋ 1869ರಲ್ಲೇ ಇದನ್ನು ವಿವರಿಸಿದ್ದ. ಆದರೆ ಜೀವಕೋಶದೊಳಗೆ ಏನು ಕೆಡುತ್ತೆ ಅಂತ ಗೆಹ್ರಿಗ್ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲ.

ಈಗ ಸ್ವಲ್ಪ ತಿಳಿದಿದೆ. ಮೋಟಾರೂ ಸರಿಯಿದೆ, ಕರೆಂಟೂ ಇದೆ, ಆದರೆ ಕನೆಕ್ಟರ್ ಹಾಳಾಗಿದೆ ಅಂದುಕೊಳ್ಳಿ. ನರ ಸ್ನಾಯುವನ್ನು ಮುಟ್ಟುವ ಜಾಗವೇ ಆ ಕನೆಕ್ಟರ್, ಅದೊಂದು ಸಿನಾಪ್ಸ್. ಟಿಡಿಪಿ-43 ಅನ್ನೋ ಪ್ರೋಟೀನ್ ಹೆಚ್ಚಾಗಿ ಇರಬೇಕಾದದ್ದು ಜೀವಕೋಶದ ನ್ಯೂಕ್ಲಿಯಸ್‌ನಲ್ಲಿ. ಎ.ಎಲ್.ಎಸ್. ಬಂದ ಬಹುಪಾಲು ಜನರಲ್ಲಿ ಅದು ಹೊರಬಂದು ಗಂಟು ಕಟ್ಟಿರುತ್ತೆ ಅಂತ 2006ರಲ್ಲಿ ಗೊತ್ತಾಯಿತು. ಆಮೇಲಿನ ಸಂಶೋಧನೆಯಲ್ಲಿ ನರದ ತುದಿಯಲ್ಲಿ, ಸ್ನಾಯು ಸೇರುವಲ್ಲೂ ಅದು ಶೇಖರವಾಗೋದು ಕಂಡಿತು. ಅಲ್ಲೇ ತಯಾರಾಗಬೇಕಾದ ಪ್ರೋಟೀನ್‌ಗಳಿಗೆ ಅದು ಅಡ್ಡಿ. ಆಗ ಮೈಟೊಕಾಂಡ್ರಿಯಾ ಸೊರಗಿ ಸಂಪರ್ಕ ಕಳಚುತ್ತೆ. ಸಂಕೇತ ಸಿಗದ ಸ್ನಾಯು ಕರಗುತ್ತೆ. ಗೆಹ್ರಿಗ್ ದೇಹವನ್ನು ದಹನ ಮಾಡಿದ್ದರಿಂದ ಅವನ ನರಗಳನ್ನು ಯಾರೂ ಪರೀಕ್ಷಿಸಲಾರರು. ಆದರೆ ಹೊಡೆತಕ್ಕೆ ಬಲವಿಲ್ಲದ ಆ ವರ್ಷ ಈ ಕಥೆಗೆ ಹೊಂದುತ್ತೆ.

ಜುಲೈ 4ರಂದು ಯಾಂಕೀ ಕ್ರೀಡಾಂಗಣದಲ್ಲಿ 60 ಸಾವಿರಕ್ಕೂ ಹೆಚ್ಚು ಜನರ ಮುಂದೆ ನಿಂತು, ತನ್ನಷ್ಟು ಅದೃಷ್ಟವಂತ ಯಾರೂ ಇಲ್ಲ ಅಂತ ಹೇಳಿ ವಿದಾಯ ಹೇಳಿದ. ಆಮೇಲೂ ಮನೇಲಿ ಕೂರಲಿಲ್ಲ. ಕೈ ನಡೆಯುವವರೆಗೆ ನ್ಯೂಯಾರ್ಕ್ ನಗರದ ಪೆರೋಲ್ ಆಯೋಗದಲ್ಲಿ ಕೆಲಸ ಮಾಡಿದ. 1941ರ ಜೂನ್ 2ರಂದು ತೀರಿಕೊಂಡ. ಹದಿನಾರು ವರ್ಷದ ಹಿಂದೆ ಅದೇ ದಿನ ಅವನು ತಂಡದಲ್ಲಿ ಕಾಯಂ ಜಾಗ ಪಡೆದಿದ್ದ.

ಅಮೆರಿಕದಲ್ಲಿ ಈ ಕಾಯಿಲೆಗೆ ಇವತ್ತಿಗೂ ಅವನದೇ ಹೆಸರು. ಸಿನಾಪ್ಸ್ ಕಳಚುವ ಮೊದಲೇ ಆ ಪ್ರೋಟೀನ್ ಗಂಟನ್ನು ತಡೆಯೋಕೆ ಆಗುತ್ತಾ ಅಂತ ಲ್ಯಾಬ್‌ಗಳಲ್ಲಿ ಹುಡುಕಾಟ ನಡೀತಿದೆ. ಅಮ್ಮ ಆಸೆಪಟ್ಟ ಡಿಗ್ರಿ ಅವನಿಗೆ ಸಿಗಲಿಲ್ಲ. ಆದರೆ ಯಾವ ಯಂತ್ರವೂ ಇಲ್ಲದೆ, ತನ್ನೊಳಗಿನ ದೋಷವನ್ನು ಎಲ್ಲರಿಗಿಂತ ಮೊದಲು ಗುರುತಿಸಿದವನು ಅವನೇ.