ಕಾದಂಬರಿ ಪಿತಾಮಹ ಗಳಗನಾಥರು

ಭಾನುವಾರದಂದು ಅಬಿಡ್ಸಿನ ಬೀದಿಯಂಚಿನಲ್ಲಿ ಹಳೆಯ ಪುಸ್ತಕಗಳು ರಾಶಿರಾಶಿಯಾಗಿ ಮಾರಾಟಕ್ಕೆ ಬರುವುದನ್ನು ನಮ್ಮ ವಿದ್ಯಾರ್ಥಿಗಳು ಕಂಡಿದ್ದಾರೆ. ಅಲ್ಲಿ ಓದುಗರು ಪುಸ್ತಕವನ್ನು ಅರಸಿ ಬರುತ್ತಾರೆ. ಪುಸ್ತಕವೇ ಓದುಗರನ್ನು ಅರಸಿ ಊರೂರು ಅಲೆಯಬೇಕಾಗಿದ್ದ ಕಾಲವೊಂದು ಕನ್ನಡ ನಾಡಿನಲ್ಲಿತ್ತು. ಆ ಕಾಲದಲ್ಲಿ ಕನ್ನಡಕ್ಕೆ ಓದುಗರನ್ನು ದೊರಕಿಸಿಕೊಟ್ಟ ಮಹನೀಯರು ಗಳಗನಾಥರು.

ಅವರ ಪೂರ್ಣನಾಮ ವೆಂಕಟೇಶ ತಿರಕೋ ಕುಲಕರ್ಣಿ. ವರದಾ ತುಂಗಭದ್ರೆಯರ ಸಂಗಮದಲ್ಲಿರುವ, ಇಂದಿನ ಹಾವೇರಿ ಜಿಲ್ಲೆಯ ಗಳಗನಾಥವೆಂಬ ಗ್ರಾಮದಲ್ಲಿ 1869ರಲ್ಲಿ ಜನಿಸಿದರು. ಊರಿನ ಹೆಸರೇ ಅವರಿಗೆ ಶಾಶ್ವತವಾಗಿ ನಿಂತಿತು. ಧಾರವಾಡದಲ್ಲಿ ಶಿಕ್ಷಕರ ತರಬೇತಿ ಪಡೆದು ಕನ್ನಡ ಶಾಲೆಯ ಮಾಸ್ತರರಾದರು.

ಅಂದು ಆ ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿ ಓದಬಲ್ಲ ಕನ್ನಡಿಗರಲ್ಲಿ ಅನೇಕರು ಕಾದಂಬರಿಯೆಂದರೆ ಮರಾಠಿಯದನ್ನೇ ಹಿಡಿಯುತ್ತಿದ್ದರು. ಇದನ್ನು ಕಂಡು ಗಳಗನಾಥರು ಮರಾಠಿಯನ್ನು ಹಳಿಯುತ್ತ ಕೂಡಲಿಲ್ಲ, ಅದರಿಂದ ಕಲಿತರು. ಪ್ರಸಿದ್ಧ ಮರಾಠಿ ಲೇಖಕರಾದ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರದ ಪತನವನ್ನು ಚಿತ್ರಿಸುವ ‘ಕನ್ನಡಿಗರ ಕರ್ಮಕಥೆ’ ಅಂತಹ ಕೃತಿ. 1898ರ ‘ಪ್ರಬುದ್ಧ ಪದ್ಮನಯನೆ’ಯಿಂದ ಆರಂಭವಾದ ಅವರ ಕಾದಂಬರಿಗಳ ಸಾಲಿನಲ್ಲಿ, ವಿಜಯನಗರದ ಉದಯವನ್ನು ಕುರಿತ ‘ಮಾಧವ ಕರುಣಾ ವಿಲಾಸ’ವು ಶ್ರೇಷ್ಠವೆನಿಸಿದೆ. ಅನುವಾದದಿಂದ ಪಳಗಿದ ಲೇಖನಿಯು ಸ್ವತಂತ್ರ ಸೃಷ್ಟಿಗೂ ಸಮರ್ಥವಾಯಿತೆಂಬುದಕ್ಕೆ 1923ರಲ್ಲಿ ಬಂದ ಈ ಗ್ರಂಥವೇ ಸಾಕ್ಷಿ.

ಪತ್ರಿಕೋದ್ಯಮದಲ್ಲಿಯೂ ಅವರ ಸೇವೆ ಹಿರಿದು. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಸಂಪಾದಕರಾಗಿ ಅವರು ದುಡಿದರು. ಧರ್ಮ, ನೀತಿ, ಕಥೆಗಳನ್ನು ಸರಳವಾದ ಕನ್ನಡದಲ್ಲಿ ಹೊತ್ತ ಆ ಪತ್ರಿಕೆಯು ಹಳ್ಳಿಯ ಮನೆಗಳನ್ನೂ ಹೊಕ್ಕಿತು. ಕಾದಂಬರಿಗಳು ಅದರಲ್ಲಿ ಕಂತುಕಂತಾಗಿ ಬಂದು, ಮುಂದಿನ ಸಂಚಿಕೆಗಾಗಿ ಕಾಯುವ ರೂಢಿಯನ್ನು ಜನರಲ್ಲಿ ಬೆಳೆಸಿದವು. ಮುಂದೆ ಹಾವೇರಿಯಿಂದ ‘ಸದ್ಗುರು’ ಎಂಬ ಪತ್ರಿಕೆಯನ್ನೂ ಅವರು ನಡೆಸಿದರು.

ಅಚ್ಚಾದ ಪುಸ್ತಕವು ಮನೆಯಲ್ಲಿ ಉಳಿದರೆ ಬರೆದುದರಿಂದ ಫಲವೇನು? ಗಳಗನಾಥರು ಪುಸ್ತಕದ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರುತ್ತಿದ್ದರೆಂದು ನಮ್ಮ ಕಡೆಯ ಹಿರಿಯರು ಇಂದಿಗೂ ಹೇಳುತ್ತಾರೆ. ಗ್ರಂಥಕರ್ತನಾದವನು ಹೊರೆ ಹೊರುವುದು ಹೀನವೆಂದು ಅವರಿಗೆ ಎನಿಸಲಿಲ್ಲ. 1942ರಲ್ಲಿ ಅವರು ಕಾಲವಾದರು. ಹೊಸ ತಲೆಮಾರಿನ ಕಾದಂಬರಿಕಾರರು ಬರೆಯತೊಡಗುವ ವೇಳೆಗೆ ಕನ್ನಡ ಓದುವ ಜನ ಸಿದ್ಧರಾಗಿದ್ದರು. ನೆಲವನ್ನು ಮೊದಲು ಹಸನು ಮಾಡಿದವರಲ್ಲಿ ಗಳಗನಾಥರು ಅಗ್ರಗಣ್ಯರು.

ಪ್ರಿಯ ವಿದ್ಯಾರ್ಥಿಗಳೇ, ಹೈದರಾಬಾದಿನಲ್ಲಿ ಬೆಳೆಯುವ ನಿಮ್ಮ ಕಿವಿಗೆ ತೆಲುಗು, ಉರ್ದು ಭಾಷೆಗಳು ನಿತ್ಯವೂ ಬೀಳುತ್ತವೆ. ಅವುಗಳನ್ನು ಪ್ರೀತಿಯಿಂದ ಕಲಿಯಿರಿ. ಆದರೆ ಪಠ್ಯಪುಸ್ತಕವನ್ನು ಮುಚ್ಚಿದೊಡನೆ ಕನ್ನಡವನ್ನೂ ಮುಚ್ಚಿಡಬೇಡಿರಿ. ನಾಡಿನಿಂದ ದೂರ ಬಂದ ನಮ್ಮ ಮನೆಗಳಲ್ಲಿ ಓದು ನಿಂತರೆ, ಮುಂದಿನ ತಲೆಮಾರಿಗೆ ಕನ್ನಡವು ಬರಿಯ ಅಡುಗೆಮನೆಯ ಮಾತಾಗಿ ಉಳಿದೀತು. ಗಳಗನಾಥರು ಹೊತ್ತ ಹೊರೆಯಲ್ಲಿ ನಿಮ್ಮ ಪಾಲಿಗೆ ಬಂದಿರುವುದು ಒಂದೇ ಒಂದು ಪುಸ್ತಕದ ಭಾರ. ಈ ರಜೆಯಲ್ಲಿ ಅದನ್ನು ಮನೆಗೊಯ್ದು, ಓದಿ, ಗೆಳೆಯನ ಕೈಗೆ ದಾಟಿಸಿರಿ.