ನಟಶ್ರೇಷ್ಠ ಹೆನ್ರಿ ಇರ್ವಿಂಗ್

ನಟನಿಗೆ ಸಮಾಜದಲ್ಲಿ ಎಂತಹ ಸ್ಥಾನವಿರಬೇಕು ಎಂಬ ಪ್ರಶ್ನೆ ಎಲ್ಲ ದೇಶಗಳಲ್ಲಿಯೂ ಒಂದಲ್ಲ ಒಂದು ಕಾಲದಲ್ಲಿ ಎದ್ದಿದೆ. ರಂಗದ ಮೇಲೆ ಅವನನ್ನು ಕಂಡು ಚಪ್ಪಾಳೆ ತಟ್ಟುವ ಜನರೇ ಅವನನ್ನು ಮನೆಗೆ ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಲು ಹಿಂಜರಿಯುತ್ತಿದ್ದರು. ಷೇಕ್ಸ್‌ಪಿಯರನು ಹುಟ್ಟಿದ ಇಂಗ್ಲೆಂಡ್ ಕೂಡ ಇದಕ್ಕೆ ಹೊರತಾಗಿರಲಿಲ್ಲ. 1572ರಲ್ಲಿ ಅಲ್ಲಿ ಜಾರಿಗೆ ಬಂದ ಕಾಯಿದೆಯೊಂದು ಶ್ರೀಮಂತ ಪ್ರಭುಗಳ ಆಶ್ರಯವಿಲ್ಲದ ನಟರನ್ನು ಅಲೆಮಾರಿಗಳ ಸಾಲಿಗೆ ಸೇರಿಸಿತ್ತು. ಕಾಲ ಬದಲಾದರೂ ಆ ತಿರಸ್ಕಾರದ ನೆರಳು ಮೂರು ಶತಮಾನಗಳವರೆಗೆ ಪೂರ್ಣವಾಗಿ ಅಳಿಯಲಿಲ್ಲ. ಆ ನೆರಳನ್ನು ತನ್ನ ಜೀವಮಾನದ ದುಡಿಮೆಯಿಂದ ಅಳಿಸಿದ ಮಹಾನಟ ಮತ್ತು ನಿರ್ದೇಶಕ ಹೆನ್ರಿ ಇರ್ವಿಂಗ್.

ಇರ್ವಿಂಗ್ ಹುಟ್ಟಿದ್ದು 1838ನೆಯ ಇಸವಿ ಫೆಬ್ರುವರಿ 6ರಂದು, ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತದ ಕೀಂಟನ್ ಮ್ಯಾಂಡೆವಿಲ್ ಎಂಬ ಹಳ್ಳಿಯಲ್ಲಿ. ತಂದೆತಾಯಿಗಳು ಇಟ್ಟ ಹೆಸರು ಜಾನ್ ಹೆನ್ರಿ ಬ್ರಾಡ್ರಿಬ್. ತಂದೆಯ ಸಂಪಾದನೆ ಅಲ್ಪ. ಆದುದರಿಂದ ಬಾಲಕನು ತನ್ನ ಎಳವೆಯ ಹಲವು ವರ್ಷಗಳನ್ನು ಕಾರ್ನ್‌ವಾಲ್ ಪ್ರಾಂತದ ಗಣಿಯೂರೊಂದರಲ್ಲಿ, ತಾಯಿಯ ಅಕ್ಕನ ಮನೆಯಲ್ಲಿ ಕಳೆದನು. ತಾಯಿ ಮತ್ತು ದೊಡ್ಡಮ್ಮ ಇಬ್ಬರೂ ಮೆಥಾಡಿಸ್ಟ್ ಪಂಥದ ಕಟ್ಟುನಿಟ್ಟಿನ ಆಚಾರವಂತರು. ನಾಟಕಶಾಲೆಯೆಂದರೆ ಪಾಪದ ಮನೆಯೆಂಬ ನಂಬಿಕೆ ಆ ಪಂಥದವರಲ್ಲಿ ಬಲವಾಗಿತ್ತು. ಇಂತಹ ಮನೆಯಲ್ಲಿ ಬೆಳೆದ ಹುಡುಗನಿಗೆ ಮತ್ತೊಂದು ಅಡ್ಡಿಯೂ ಇತ್ತು. ಅವನ ಮಾತು ತೊದಲುತ್ತಿತ್ತು.

ಹತ್ತು ಹನ್ನೊಂದು ವರ್ಷದವನಾದಾಗ ಬಾಲಕನು ಲಂಡನ್ ನಗರದಲ್ಲಿದ್ದ ತಂದೆತಾಯಿಗಳ ಬಳಿಗೆ ಬಂದು ಅಲ್ಲಿನ ಶಾಲೆಯೊಂದನ್ನು ಸೇರಿದನು. ಆ ಶಾಲೆಯ ಮುಖ್ಯೋಪಾಧ್ಯಾಯರು ಸ್ಪಷ್ಟವಾದ ವಾಚನಕ್ಕೆ ಹೆಚ್ಚಿನ ಬೆಲೆ ಕೊಡುತ್ತಿದ್ದರು. ತರಗತಿಯಲ್ಲಿ ಎದ್ದು ನಿಂತು ಪದ್ಯಗಳನ್ನು ಗಟ್ಟಿಯಾಗಿ ಹೇಳುವ ಅಭ್ಯಾಸ ಅವನಿಗೆ ಔಷಧವಾಯಿತು. ಪ್ರತಿಯೊಂದು ಪದವನ್ನೂ ಎಣಿಸಿ, ತೂಗಿ, ನಿಧಾನವಾಗಿ ಉಚ್ಚರಿಸುತ್ತ ಅವನು ತೊದಲನ್ನು ಗೆಲ್ಲುತ್ತ ಬಂದನು. ಆದರೆ ಓದು ಬಹುಕಾಲ ನಡೆಯಲಿಲ್ಲ. ಹದಿಮೂರನೆಯ ವಯಸ್ಸಿಗೆ ವಕೀಲರ ಕಚೇರಿಯಲ್ಲಿ, ಅನಂತರ ಭಾರತದೊಡನೆ ವ್ಯಾಪಾರ ನಡೆಸುತ್ತಿದ್ದ ವರ್ತಕರ ಕಚೇರಿಯಲ್ಲಿ ಅವನು ಗುಮಾಸ್ತನಾದನು. ಹಗಲೆಲ್ಲ ಲೆಕ್ಕ ಬರೆಯುವ ಕೆಲಸ. ಸಂಜೆ ನಾಟಕಗಳ ಅಭ್ಯಾಸ. ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ ಸ್ಯಾಮುಯೆಲ್ ಫೆಲ್ಪ್ಸ್ ಎಂಬ ಹೆಸರಾಂತ ನಟನು ಹ್ಯಾಮ್ಲೆಟ್ ಪಾತ್ರವನ್ನು ಅಭಿನಯಿಸಿದ್ದನ್ನು ಕಂಡ ಮೇಲೆ ಅವನ ಮನಸ್ಸು ಸ್ಥಿರವಾಯಿತು. ಅದೇ ಮಂದಿರದ ನಟನಾದ ವಿಲಿಯಂ ಹಾಸ್ಕಿನ್ಸನು ಈ ತರುಣನ ಶ್ರದ್ಧೆಯನ್ನು ಮೆಚ್ಚಿ, ಕಚೇರಿಯ ವೇಳೆಗೆ ಮುಂಚೆ ಬೆಳಗಿನ ಹೊತ್ತು ಪಾಠ ಹೇಳಿಕೊಟ್ಟನು.

ಹದಿನೆಂಟು ತುಂಬಿದ ವರ್ಷ ಬಂಧುವೊಬ್ಬನಿಂದ ಅವನಿಗೆ 100 ಪೌಂಡುಗಳು ದೊರೆತವು. ಬೇರೊಬ್ಬನಾಗಿದ್ದರೆ ಆ ಹಣವನ್ನು ಜೋಪಾನ ಮಾಡುತ್ತಿದ್ದನೇನೋ. ಅವನು ಅದರಿಂದ ವೇಷಭೂಷಣ, ಕತ್ತಿ, ಟೋಪನ್ನುಗಳನ್ನು ಕೊಂಡುಕೊಂಡು ಗುಮಾಸ್ತಗಿರಿಗೆ ವಿದಾಯ ಹೇಳಿದನು. ಮಗನ ಈ ನಿರ್ಧಾರವನ್ನು ತಾಯಿ ಎಂದೆಂದಿಗೂ ಕ್ಷಮಿಸಲಿಲ್ಲ. ತಾಯಿಯ ಪ್ರೀತಿಯೋ ಕಲೆಯೋ ಎಂಬ ಕವಲುದಾರಿಯಲ್ಲಿ ಅವನು ಕಲೆಯ ದಾರಿಯನ್ನು ಹಿಡಿದನು. ಆ ಆಯ್ಕೆಯ ನೋವನ್ನು ಜೀವನವಿಡೀ ಹೊತ್ತನು. ಮನೆತನದ ಹೆಸರಿಗೆ ಕಳಂಕ ತಗುಲದಿರಲೆಂಬಂತೆ ಹೊಸ ಹೆಸರೊಂದನ್ನು ಧರಿಸಿದನು. 1856ನೆಯ ಸೆಪ್ಟೆಂಬರ್ 29ರಂದು ಉತ್ತರ ಇಂಗ್ಲೆಂಡಿನ ಸಂಡರ್ಲೆಂಡ್ ಪಟ್ಟಣದ ರಂಗಮಂದಿರದಲ್ಲಿ ಹೆನ್ರಿ ಇರ್ವಿಂಗ್ ಎಂಬ ಹೆಸರು ಮೊದಲ ಬಾರಿಗೆ ಬೆಳಕಿಗೆ ಬಂದಿತು.

ಆರಂಭವು ಸುಖಕರವಾಗಿರಲಿಲ್ಲ. ಕೆಲವೇ ದಿನಗಳಲ್ಲಿ ಷೇಕ್ಸ್‌ಪಿಯರನ ನಾಟಕವೊಂದರ ಚಿಕ್ಕ ಪಾತ್ರದಲ್ಲಿ ಭಯದಿಂದ ಮಾತು ಮರೆತು ಅವನು ರಂಗದಿಂದಲೇ ಓಡಿಹೋಗಬೇಕಾಯಿತು. ಮೊದಲ ತಿಂಗಳು ಅವನಿಗೆ ಸಂಬಳವೂ ಇರಲಿಲ್ಲ. ಅಲ್ಲಿಂದ ಎಡಿನ್‌ಬರೋ ನಗರಕ್ಕೆ ಹೋಗಿ ಎರಡು ವರ್ಷಗಳಿಗೂ ಮಿಗಿಲಾಗಿ ನೂರಾರು ಪಾತ್ರಗಳಲ್ಲಿ ದುಡಿದನು. 1860ರಲ್ಲಿ ಡಬ್ಲಿನ್ ನಗರದಲ್ಲಿ ಅವನಿಗೆ ಕಠಿಣವಾದ ಪರೀಕ್ಷೆಯೊಂದು ಒದಗಿತು. ಅಲ್ಲಿನ ಜನಪ್ರಿಯ ನಟನೊಬ್ಬನನ್ನು ಕೆಲಸದಿಂದ ತೆಗೆದು ಆ ಸ್ಥಾನಕ್ಕೆ ಇವನನ್ನು ತಂದಿದ್ದರು. ಈ ಸಂಗತಿ ಇರ್ವಿಂಗನಿಗೆ ತಿಳಿದೇ ಇರಲಿಲ್ಲ. ಅವನು ರಂಗಕ್ಕೆ ಕಾಲಿಡುತ್ತಲೇ ಪ್ರೇಕ್ಷಕರು ಕೂಗಿ ಗದ್ದಲವೆಬ್ಬಿಸಿದರು. ಮರುದಿನವೂ ಅದೇ ಗದ್ದಲ. ಅದರ ಮರುದಿನವೂ ಅದೇ. ಅವನು ಬೆನ್ನು ತಿರುಗಿಸಲಿಲ್ಲ, ಮರುಮಾತನ್ನೂ ಆಡಲಿಲ್ಲ. ತನ್ನ ಪಾತ್ರವನ್ನು ತಾನು ನಿಷ್ಠೆಯಿಂದ ಅಭಿನಯಿಸುತ್ತ ಹೋದನು. ಕಡೆಗೆ ಕೂಗಾಟ ಅಡಗಿತು. ಮೆಚ್ಚುಗೆಯ ಮಾತು ಕೇಳಿಬಂದಿತು. ಸಂಡರ್ಲೆಂಡಿನಲ್ಲಿ ತನ್ನ ಭಯಕ್ಕೆ ಸೋತು ಓಡಿದ್ದ ತರುಣನು ನಾಲ್ಕು ವರ್ಷಗಳಲ್ಲಿ ಪರರ ದ್ವೇಷಕ್ಕೂ ಅಳುಕದೆ ನಿಲ್ಲುವಷ್ಟು ಬೆಳೆದಿದ್ದನು.

ಹೀಗೆ ಊರಿಂದೂರಿಗೆ ಅಲೆಯುತ್ತ ಹತ್ತು ವರ್ಷ ಕಳೆದ ಮೇಲೆ, 1866ರಲ್ಲಿ ಅವನಿಗೆ ಲಂಡನ್ನಿನ ರಂಗಭೂಮಿಯಲ್ಲಿ ಸ್ಥಿರವಾದ ಸ್ಥಾನ ದೊರೆಯಿತು. 1871ರಲ್ಲಿ ಲೈಸಿಯಂ ರಂಗಮಂದಿರದ ಯಜಮಾನನಾಗಿದ್ದ ಬೇಟ್‌ಮನ್ ಎಂಬುವನು ಇರ್ವಿಂಗನನ್ನು ತನ್ನ ತಂಡಕ್ಕೆ ಸೇರಿಸಿಕೊಂಡನು. ಆ ಮಂದಿರವು ನಷ್ಟದಲ್ಲಿತ್ತು. ಫ್ರೆಂಚ್ ಮೂಲದಿಂದ ರೂಪಾಂತರಗೊಂಡ 'ದಿ ಬೆಲ್ಸ್' ಎಂಬ ನಾಟಕವನ್ನು ಆಡಿಸಬೇಕೆಂದು ಇರ್ವಿಂಗ್ ಪಟ್ಟುಹಿಡಿದನು. ಹಣದ ಆಸೆಗೆ ಪ್ರಯಾಣಿಕನೊಬ್ಬನನ್ನು ಕೊಂದು, ಯಾರಿಗೂ ತಿಳಿಯದಂತೆ ಊರಿನ ಗಣ್ಯನಾಗಿ ಬಾಳುತ್ತಿರುವ ವ್ಯಕ್ತಿಯೊಬ್ಬನ ಕಥೆ ಅದು. ಸತ್ತವನ ಹಿಮಗಾಡಿಯ ಗಂಟೆಗಳ ನಾದವು ಅವನ ಕಿವಿಯಲ್ಲಿ ಮತ್ತೆ ಮತ್ತೆ ಮೊಳಗಿ, ಅವನ ಅಂತಃಸಾಕ್ಷಿಯೇ ಅವನಿಗೆ ಶಿಕ್ಷೆ ವಿಧಿಸುತ್ತದೆ. 1871ನೆಯ ನವೆಂಬರ್ 25ರಂದು ಇರ್ವಿಂಗ್ ಆ ಪಾತ್ರವನ್ನು ಅಭಿನಯಿಸಿದಾಗ ಪ್ರೇಕ್ಷಕರು ಬೆರಗಾದರು. ಒಂದೇ ರಾತ್ರಿಯಲ್ಲಿ ಅವನು ಲಂಡನ್ನಿನ ಮನೆಮಾತಾದನು.

ಕೀರ್ತಿಯ ಆ ರಾತ್ರಿಯೇ ಅವನ ಸಂಸಾರ ಒಡೆಯಿತೆಂದು ಹೇಳುತ್ತಾರೆ. ಮನೆಗೆ ಹಿಂದಿರುಗುವಾಗ ಗಾಡಿಯಲ್ಲಿ ಪತ್ನಿಯು ಅವನ ವೃತ್ತಿಯನ್ನು ಹೀನಾಯವಾಗಿ ಹಂಗಿಸಿದಳು. ಇರ್ವಿಂಗ್ ಗಾಡಿಯನ್ನು ನಿಲ್ಲಿಸಿ ಇಳಿದು ಕತ್ತಲೆಯಲ್ಲಿ ನಡೆದುಹೋದನು. ಮತ್ತೆಂದೂ ಅವಳೊಡನೆ ಬಾಳಲಿಲ್ಲ. ತಾಯಿಯ ಬಳಿಕ ಪತ್ನಿಯೂ ನಾಟಕದ ಕಾರಣದಿಂದಲೇ ದೂರವಾದಳು. ಜಗತ್ತಿನ ಮೆಚ್ಚುಗೆ ಪಡೆದವನಿಗೆ ಮನೆಯ ಮೆಚ್ಚುಗೆ ದೊರೆಯಲಿಲ್ಲ. ಆದರೂ ಅವನ ಮಕ್ಕಳಿಬ್ಬರೂ ಮುಂದೆ ರಂಗಭೂಮಿಯನ್ನೇ ಆರಿಸಿಕೊಂಡರು.

1874ರಲ್ಲಿ ಇರ್ವಿಂಗ್ ಅಭಿನಯಿಸಿದ 'ಹ್ಯಾಮ್ಲೆಟ್' ಎಡೆಬಿಡದೆ 200 ರಾತ್ರಿ ನಡೆಯಿತು. 1878ರಲ್ಲಿ ಅವನು ಲೈಸಿಯಂ ಮಂದಿರದ ಆಡಳಿತವನ್ನು ತಾನೇ ವಹಿಸಿಕೊಂಡನು. ನಾಯಕಿಯ ಪಾತ್ರಗಳಿಗಾಗಿ ಎಲೆನ್ ಟೆರಿ ಎಂಬ ಪ್ರತಿಭಾವಂತ ನಟಿ ಬಂದಳು. ವ್ಯವಹಾರ ನೋಡಿಕೊಳ್ಳಲು ಐರ್ಲೆಂಡಿನಿಂದ ಬಂದವನು ಬ್ರಾಮ್ ಸ್ಟೋಕರ್. 1897ರಲ್ಲಿ ಪ್ರಕಟವಾದ 'ಡ್ರಾಕುಲಾ' ಕಾದಂಬರಿಯನ್ನು ಬರೆದವನು ಇವನೇ. ಈ ಮೂವರ ಕೂಟದಿಂದ ಲೈಸಿಯಂ ಇಂಗ್ಲಿಷ್ ರಂಗಭೂಮಿಯ ಕೇಂದ್ರವಾಯಿತು. 1879ರಲ್ಲಿ ಆಡಿದ 'ದಿ ಮರ್ಚೆಂಟ್ ಆಫ್ ವೆನಿಸ್' 250 ಪ್ರದರ್ಶನಗಳನ್ನು ಕಂಡಿತು. ಶೈಲಾಕನನ್ನು ಕೇವಲ ಕ್ರೂರಿಯನ್ನಾಗಿಯೋ ನಗೆಪಾಟಲಾಗಿಯೋ ತೋರಿಸದೆ, ಅವಮಾನಗಳಿಂದ ನೊಂದ ಸ್ವಾಭಿಮಾನಿಯನ್ನಾಗಿ ಇರ್ವಿಂಗ್ ಚಿತ್ರಿಸಿದನು. ತಿರಸ್ಕಾರವೆಂದರೇನೆಂಬುದನ್ನು ಸ್ವತಃ ಅರಿತಿದ್ದ ನಟನಿಗೆ ಆ ಪಾತ್ರದ ಅಂತರಂಗ ತೆರೆದುಕೊಂಡಿದ್ದು ಸಹಜವೇ.

ನಿರ್ದೇಶಕನಾಗಿ ಇರ್ವಿಂಗ್ ತಂದ ಸುಧಾರಣೆಗಳು ಅನೇಕ. ಅಂದಿನ ನಾಟಕಶಾಲೆಗಳಲ್ಲಿ ಪ್ರದರ್ಶನದ ಕಾಲದಲ್ಲಿಯೂ ಪ್ರೇಕ್ಷಕರ ಕಡೆ ದೀಪಗಳು ಉರಿಯುತ್ತಿದ್ದವು. ಇರ್ವಿಂಗ್ ಅವುಗಳನ್ನು ತಗ್ಗಿಸಿ, ಎಲ್ಲರ ದೃಷ್ಟಿಯೂ ರಂಗದ ಮೇಲೆಯೇ ನಿಲ್ಲುವಂತೆ ಮಾಡಿದನು. ವಿದ್ಯುದ್ದೀಪಗಳು ಬಂದ ಮೇಲೂ ಅನಿಲದ ದೀಪದ ಮೃದುವಾದ ಕಾಂತಿಯನ್ನೇ ಅವನು ಬಯಸಿದನು. ಬಣ್ಣದ ಗಾಜುಗಳ ಮೂಲಕ ಹಾಯಿಸಿದ ಬೆಳಕಿನಿಂದ ಮುಂಜಾವು, ಮುಸ್ಸಂಜೆ, ಬೆಳದಿಂಗಳುಗಳನ್ನು ರಂಗದ ಮೇಲೆ ಮೂಡಿಸಿದನು. 1885ರಲ್ಲಿ 'ಫೌಸ್ಟ್' ನಾಟಕವನ್ನು ಆಡುವ ಮುನ್ನ ಜರ್ಮನಿಯ ನ್ಯೂರೆಂಬರ್ಗ್ ನಗರಕ್ಕೆ ಹೋಗಿ ಅಲ್ಲಿನ ಹಳೆಯ ಬೀದಿಗಳನ್ನು ಕಣ್ಣಾರೆ ಕಂಡು ಬಂದನು. ಬರ್ನ್-ಜೋನ್ಸ್‌ನಂತಹ ಚಿತ್ರಕಾರರೂ ಆರ್ಥರ್ ಸಲಿವನ್‌ನಂತಹ ಸಂಗೀತಗಾರರೂ ಅವನ ನಾಟಕಗಳಿಗಾಗಿ ದುಡಿದರು. 1883ರಿಂದ ಮೊದಲ್ಗೊಂಡು ಎಂಟು ಬಾರಿ ತನ್ನ ತಂಡದೊಡನೆ ಅಮೆರಿಕ ಖಂಡದಲ್ಲಿ ಸಂಚರಿಸಿ ಕೀರ್ತಿ ಗಳಿಸಿದನು.

ಇರ್ವಿಂಗನಲ್ಲಿ ದೋಷಗಳಿರಲಿಲ್ಲವೆಂದಲ್ಲ. ಅವನ ಧ್ವನಿ ಬಲವಾದುದಲ್ಲ, ನಡಿಗೆ ವಿಚಿತ್ರ, ಉಚ್ಚಾರಣೆಯೂ ಅವನದೇ ಒಂದು ಬಗೆ. ಅವನು ಷೇಕ್ಸ್‌ಪಿಯರನ ನಾಟಕಗಳನ್ನು ಮನಬಂದಂತೆ ಕತ್ತರಿಸುತ್ತಾನೆ, ಹೊಸ ಕಾಲದ ನಾಟಕಕಾರರನ್ನು ಕಡೆಗಣಿಸುತ್ತಾನೆ ಎಂದು ಬರ್ನಾರ್ಡ್ ಷಾ ಕಟುವಾಗಿ ಟೀಕಿಸಿದನು. ಆ ಟೀಕೆಯಲ್ಲಿ ಸತ್ಯಾಂಶವಿತ್ತು. ಆದರೆ ದೇಹದ ಮತ್ತು ಧ್ವನಿಯ ಕೊರತೆಗಳನ್ನು ಮೀರಿ, ಪಾತ್ರದ ಮನಸ್ಸನ್ನು ಕಣ್ಣಿನಲ್ಲಿಯೂ ಬೆರಳುಗಳಲ್ಲಿಯೂ ತೋರಿಸಬಲ್ಲ ಶಕ್ತಿ ಅವನಲ್ಲಿತ್ತೆಂಬುದು ಅಷ್ಟೇ ಸತ್ಯ.

1883ರಲ್ಲಿ ಸರ್ಕಾರವು ಅವನಿಗೆ 'ಸರ್' ಪದವಿ ನೀಡಲು ಮುಂದಾದಾಗ ಇರ್ವಿಂಗ್ ವಿನಯದಿಂದ ನಿರಾಕರಿಸಿದ್ದನು. 1895ರಲ್ಲಿ ಮತ್ತೆ ಆ ಗೌರವ ಬಂದಾಗ, ಅದು ತನಗೆ ಮಾತ್ರವಲ್ಲದೆ ತನ್ನ ವೃತ್ತಿಗೆ ಸಲ್ಲುವ ಮನ್ನಣೆಯೆಂದು ಭಾವಿಸಿ ಒಪ್ಪಿದನು. ಆ ವರ್ಷದ ಜುಲೈ 18ರಂದು ವಿಂಡ್ಸರ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯು ಅವನಿಗೆ ಪದವಿಯನ್ನಿತ್ತಳು. ಅಭಿನಯಕ್ಕಾಗಿ ಈ ಪದವಿ ಪಡೆದ ನಟರಲ್ಲಿ ಅವನೇ ಮೊದಲಿಗ. ಒಮ್ಮೆ ಅಲೆಮಾರಿಗಳೊಡನೆ ಎಣಿಸಲ್ಪಟ್ಟಿದ್ದ ನಟವರ್ಗವು ಅಂದು ತಲೆಯೆತ್ತಿ ನಿಂತಿತು.

ಆದರೆ ವಿಧಿ ಬಹುಬೇಗ ಮುಖ ತಿರುಗಿಸಿತು. 1896ರ ಡಿಸೆಂಬರಿನಲ್ಲಿ ಮೆಟ್ಟಿಲಿನಿಂದ ಜಾರಿ ಬಿದ್ದು ಮೊಣಕಾಲಿಗೆ ಪೆಟ್ಟಾಗಿ, ಹೊಸ ನಾಟಕವೊಂದು ಮೊದಲ ರಾತ್ರಿಗೇ ನಿಂತಿತು. 1898ರ ಫೆಬ್ರುವರಿಯಲ್ಲಿ ಅವನ ರಂಗಸಜ್ಜಿಕೆಗಳ ಉಗ್ರಾಣಕ್ಕೆ ಬೆಂಕಿ ಬಿದ್ದು 44 ನಾಟಕಗಳ ದೃಶ್ಯಪರಿಕರಗಳು ಬೂದಿಯಾದವು. ವಿಮೆಯ ಮೊತ್ತವನ್ನು ಅದಕ್ಕೆ ಸ್ವಲ್ಪ ಕಾಲ ಮುಂಚೆಯೇ ಕಡಿಮೆ ಮಾಡಲಾಗಿತ್ತು. ಅದೇ ವರ್ಷ ಶ್ವಾಸಕೋಶದ ಕಾಯಿಲೆ ಅವನನ್ನು ಹಾಸಿಗೆ ಹಿಡಿಸಿತು. ಲೈಸಿಯಂ ಅವನ ಕೈತಪ್ಪಿ ಒಂದು ಕಂಪೆನಿಯ ಪಾಲಾಯಿತು. 1902ರಲ್ಲಿ ಅಲ್ಲಿ ಅವನ ಕಡೆಯ ಪ್ರದರ್ಶನ ನಡೆಯಿತು. ಅರವತ್ತು ದಾಟಿದ, ಕುಗ್ಗಿದ ದೇಹದ ಇರ್ವಿಂಗ್ ತಾರುಣ್ಯದಲ್ಲಿದ್ದಂತೆಯೇ ಮತ್ತೆ ಊರಿಂದೂರಿಗೆ ಹೊರಟನು. ವಿಶ್ರಾಂತಿ ಪಡೆಯೆಂದು ವೈದ್ಯರೂ ಗೆಳೆಯರೂ ಹೇಳಿದರೂ ಅವನು ಕೇಳಲಿಲ್ಲ.

1905ನೆಯ ಅಕ್ಟೋಬರ್ 13ರಂದು ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಟೆನಿಸನ್ ಕವಿಯ 'ಬೆಕೆಟ್' ನಾಟಕ. ಧರ್ಮಕ್ಕಾಗಿ ಪ್ರಾಣವನ್ನರ್ಪಿಸುವ ಧರ್ಮಗುರುವಿನ ಪಾತ್ರ ಇರ್ವಿಂಗನದು. ಪ್ರಾರ್ಥನೆಯನ್ನು ನುಡಿಯುತ್ತ ಆ ಪಾತ್ರ ಮಡಿಯಿತು, ತೆರೆ ಬಿದ್ದಿತು. ಇರ್ವಿಂಗ್ ವೇಷ ಕಳಚಿ ತಂಗಿದ್ದ ಹೋಟೆಲಿಗೆ ಹಿಂದಿರುಗಿದನು. ಅಲ್ಲಿನ ಹಜಾರವನ್ನು ದಾಟುವಷ್ಟರಲ್ಲಿ ಕುಸಿದುಬಿದ್ದು, ಕೆಲವೇ ಕ್ಷಣಗಳಲ್ಲಿ ಅಸುನೀಗಿದನು. ಒಂದು ವಾರದ ಬಳಿಕ ಅವನ ಚಿತಾಭಸ್ಮವನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ಹದಿನೆಂಟನೆಯ ಶತಮಾನದ ಮಹಾನಟನಾದ ಡೇವಿಡ್ ಗ್ಯಾರಿಕನ ಸಮಾಧಿಯ ಪಕ್ಕದಲ್ಲಿ ಇರಿಸಲಾಯಿತು.

ಚಿತ್ರಕಾರನ ಚಿತ್ರ, ಕವಿಯ ಕಾವ್ಯ ಅವರ ಕಾಲಾನಂತರವೂ ಉಳಿಯುತ್ತವೆ. ನಟನ ಕಲೆಯಾದರೋ ತೆರೆ ಬಿದ್ದೊಡನೆ ಮರೆಯಾಗುತ್ತದೆ. ಇರ್ವಿಂಗನ ಅಭಿನಯವನ್ನು ಇಂದು ನೋಡಬಲ್ಲವರು ಯಾರೂ ಇಲ್ಲ. ಆದರೂ ಅವನು ಗಳಿಸಿಕೊಟ್ಟ ಗೌರವ ಉಳಿದಿದೆ. ತೊದಲುವ ನಾಲಗೆ, ಬಡತನ, ಹೆತ್ತವಳ ಮುನಿಸು, ಪ್ರೇಕ್ಷಕರ ಕೂಗಾಟ ಇವುಗಳಲ್ಲಿ ಯಾವುದೂ ಅವನನ್ನು ತಡೆಯಲಾರದೆ ಹೋಯಿತು. ಹಿಡಿದ ಕೆಲಸವನ್ನು ಕಡೆಯ ಉಸಿರಿನವರೆಗೆ ಶ್ರದ್ಧೆಯಿಂದ ನಡೆಸಿದವನಿಗೆ ಆ ಕೆಲಸವೇ ಗೌರವ ತಂದಿತು. ಆ ಕೆಲಸಕ್ಕೆ ಅವನಿಂದ ಗೌರವ ಬಂದಿತು.