ಬ್ರದರ್ ಆಂಟೊನಿಯೊ ಮೊಸ್ಕೆನಿ

ಮಂಗಳೂರಿನ ಲೈಟ್‌ಹೌಸ್ ಗುಡ್ಡದ ಮೇಲಿರುವ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ಕಾಣದ ಕಥೋಲಿಕರು ನಮ್ಮ ಜಿಲ್ಲೆಯಲ್ಲಿ ವಿರಳ. ಮತಭೇದವಿಲ್ಲದೆ ದೂರದೂರದ ಜನರೂ ಅಲ್ಲಿಗೆ ಬರುತ್ತಾರೆ. ಒಳಹೊಕ್ಕವರು ಕತ್ತೆತ್ತಿ ನೋಡುತ್ತ ಮಾತು ಮರೆಯುತ್ತಾರೆ. ಆದರೆ ಆ ಗೋಡೆಗಳನ್ನೂ ಒಳಮಾಡನ್ನೂ ತುಂಬಿದ ಕೈ ಯಾರದೆಂದು ಕೇಳಿದರೆ ಉತ್ತರಿಸಬಲ್ಲವರು ಕೆಲವರೇ. ಇಗರ್ಜಿ ಕಟ್ಟಿದ ಹಿರಿಯರನ್ನು ಸ್ಮರಿಸುವ ಈ ಶತಮಾನೋತ್ಸವದ ಸಂದರ್ಭದಲ್ಲಿ, ಇಗರ್ಜಿಗಳ ಗೋಡೆಗಳಲ್ಲೇ ತಮ್ಮ ಆಯುಷ್ಯವನ್ನು ಸವೆಸಿದ ಒಬ್ಬ ಧರ್ಮಸಹೋದರರನ್ನು ನೆನೆಯುವುದು ಉಚಿತವೆಂದು ಭಾವಿಸಿದ್ದೇವೆ.

ಆಂಟೊನಿಯೊ ಮೊಸ್ಕೆನಿ 1854ರಲ್ಲಿ ಉತ್ತರ ಇಟಲಿಯ ಬೆರ್ಗಮೊ ನಗರದ ಸಮೀಪದ ಸ್ಟೆಟ್ಸಾನೊ ಎಂಬ ಊರಿನಲ್ಲಿ ಜನಿಸಿದರು. (ಜಗದ್ಗುರು ಇಪ್ಪತ್ತಮೂರನೆಯ ಜಾನ್ ಅವರೂ ಇದೇ ಬೆರ್ಗಮೊ ಸೀಮೆಯವರೆಂಬುದನ್ನು ಓದುಗರು ಬಲ್ಲರು.) ಬೆರ್ಗಮೊದ ಕರ್ರಾರ ಕಲಾಶಾಲೆಯಲ್ಲಿ ಅವರ ಕಲಾಭ್ಯಾಸ ನಡೆಯಿತು. ರೋಮಿನಲ್ಲಿ ಪೂರ್ವಸೂರಿಗಳ ಕೃತಿಗಳನ್ನು ಕಣ್ಣಾರೆ ಕಂಡು ಕಲಿತು, ಇಟಲಿಯ ದೇವಾಲಯಗಳಲ್ಲಿ ಚಿತ್ರ ಬರೆದು ಹೆಸರಾದರು. ಹೀಗೆ ಕೀರ್ತಿಯ ಹಾದಿ ತೆರೆದಿದ್ದಾಗಲೇ, 1889ರಲ್ಲಿ, ತಮ್ಮ ಮೂವತ್ತೈದನೆಯ ವಯಸ್ಸಿನಲ್ಲಿ, ಅವರು ಯೇಸುಸಭೆಯನ್ನು ಸೇರಿದರು. ಗುರುಪಟ್ಟಕ್ಕಲ್ಲ, ಸಹೋದರನಾಗಿ. ಸ್ವಂತ ಹೆಸರಿಗಾಗಿ ಕುಂಚ ಹಿಡಿಯುವ ಹಕ್ಕನ್ನು ಅವರು ಅಂದೇ ಬಿಟ್ಟುಕೊಟ್ಟರು ಎನ್ನಬೇಕು. ಮುಂದೆ ಎಲ್ಲಿ ಬರೆಯಬೇಕು, ಏನು ಬರೆಯಬೇಕು ಎಂಬುದೆಲ್ಲ ಹಿರಿಯರ ಅಪ್ಪಣೆ.

ಆ ಅಪ್ಪಣೆಯೇ ಅವರನ್ನು ನಮ್ಮ ಕರಾವಳಿಗೆ ತಂದಿತು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದಿದ್ದ ಇಟಲಿಯ ಯೇಸುಸಭೆಯ ಗುರುಗಳು 1880ರಲ್ಲಿ ಕಾಲೇಜನ್ನು ಆರಂಭಿಸಿ, 1885ರ ಹೊತ್ತಿಗೆ ಅದರ ಪ್ರಾರ್ಥನಾಲಯವನ್ನೂ ಕಟ್ಟಿದ್ದರು. ಕಟ್ಟಡವೇನೋ ಸಿದ್ಧವಾಗಿತ್ತು, ಒಳಗೆ ಗೋಡೆಗಳು ಬರಿದಾಗಿದ್ದವು. 1899ರಲ್ಲಿ ಮೊಸ್ಕೆನಿ ಅಟ್ಟಳಿಗೆ ಏರಿದರು. ಸುಮಾರು ಎರಡೇ ವರ್ಷಗಳಲ್ಲಿ ಬರಿಯ ಗೋಡೆ ಎಂಬುದು ಅಲ್ಲಿ ಉಳಿಯಲಿಲ್ಲ.

ಈ ಕೆಲಸದ ಕಷ್ಟವನ್ನು ತುಸು ವಿವರಿಸಬೇಕು. ಗೋಡೆಗಳ ಮೇಲಿನವು ಫ್ರೆಸ್ಕೊ ಚಿತ್ರಗಳು. ಸುಣ್ಣದ ಗಾರೆಯನ್ನು ಬಳಿದು, ಅದು ಹಸಿಯಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಗಾರೆ ಒಣಗುತ್ತ ಗಾಳಿಯೊಡನೆ ಬೆರೆತು ಕಲ್ಲಾಗುವಾಗ ಬಣ್ಣವೂ ಅದರೊಳಗೆ ಸೆರೆಯಾಗುತ್ತದೆ. ಆದುದರಿಂದ ಅಂದಂದು ಮುಗಿಸಬಲ್ಲಷ್ಟು ಭಾಗಕ್ಕೆ ಮಾತ್ರ ಗಾರೆ ಬಳಿಯುವುದು ಕ್ರಮ. ತಪ್ಪಿದರೆ ಒರೆಸಿ ತಿದ್ದುವಂತಿಲ್ಲ. ಗಾರೆಯನ್ನೇ ಕೆತ್ತಿ ತೆಗೆದು ಮರಳಿ ಆರಂಭಿಸಬೇಕು. ಉಳಿದ ಭಾಗಗಳಲ್ಲಿ ಅವರು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದರು. ಸಂತ ಅಲೋಶಿಯಸ್ ಗೊನ್ಸಾಗರ ಜೀವನವನ್ನು ಒಳಮಾಡಿನ ಚಿತ್ರಗಳು ಹೇಳುತ್ತವೆ. ಅರಸುಮನೆತನದ ಭೋಗವನ್ನು ತೊರೆದ ಆ ತರುಣ, ರೋಮಿನಲ್ಲಿ ಪ್ಲೇಗು ರೋಗಿಗಳ ಸೇವೆ ಮಾಡುತ್ತ 1591ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ, ತೀರಿಕೊಂಡವನು. ಅದೇ ಪ್ರಾಯದ ವಿದ್ಯಾರ್ಥಿಗಳು ತಲೆಯೆತ್ತಿದಾಗ ಕಾಣಬೇಕಾದುದು ಇದೇ ಎಂಬ ವಿವೇಚನೆ ಆ ಚಿತ್ರಗಳ ಹಿಂದಿದೆ. ಪ್ರೇಷಿತರು, ಸಂತರು, ಪ್ರಭು ಯೇಸುವಿನ ಜೀವನದ ಘಟನೆಗಳು, ಹೂಮಾಲೆ ಹಿಡಿದ ದೇವದೂತರು ಉಳಿದ ಎಡೆಯನ್ನು ತುಂಬಿದ್ದಾರೆ.

ಈ ಮುಖಗಳೆಲ್ಲ ಇಟಲಿಯವು, ನಮ್ಮ ನೆಲದ ಚಹರೆ ಒಂದೂ ಇಲ್ಲ ಎಂಬ ಆಕ್ಷೇಪವುಂಟು. ಅದು ನಿಜವೇ. ಗೋವೆಯ ಆಂಜೆಲೊ ದ ಫೊನ್ಸೆಕ ಮಾತೆ ಮರಿಯಳನ್ನು ಸೀರೆಯಲ್ಲಿ ಚಿತ್ರಿಸಲು ಇನ್ನೂ ಕೆಲವು ದಶಕಗಳು ಕಳೆಯಬೇಕಾಗಿತ್ತು. ಆದರೂ ನಮ್ಮ ಹಂಚಿನ ಮಾಡಿನಡಿ ನೂರಿಪ್ಪತ್ತಕ್ಕೂ ಹೆಚ್ಚು ಮಳೆಗಾಲಗಳನ್ನು ಕಳೆದ ಈ ಚಿತ್ರಗಳನ್ನು ಪರದೇಶದವೆನ್ನಲು ನಮಗೆ ಮನಸ್ಸೊಪ್ಪದು.

ಆ ಮಳೆಯೇ ಅವುಗಳ ಶತ್ರು. ಕಡಲಿನ ಉಪ್ಪುಗಾಳಿಯಿಂದಲೂ ತೇವದಿಂದಲೂ ಚಿತ್ರಗಳು ಕಳೆಗುಂದಿ, 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಅವನ್ನು ಸಂರಕ್ಷಿಸಬೇಕಾಯಿತು. ಅಲ್ಲಿ ಕಾಲೇಜು ಇತ್ತು, ಅಕ್ಕರೆಯುಳ್ಳವರಿದ್ದರು. ಎಲ್ಲ ಕಡೆಗಳಲ್ಲಿ ಹಾಗಿಲ್ಲ. ಮದುಮಗಳನ್ನು ಸಿಂಗರಿಸುವಂತೆ ಜುಬಿಲಿ ಬಂದಾಗ ಇಗರ್ಜಿಗೆ ಹೊಸ ಬಣ್ಣ ಬಳಿಯುವುದು ನಮ್ಮ ವಾಡಿಕೆ. ಆ ಸಡಗರದಲ್ಲಿ ಹಳೆಯ ಬಲಿಪೀಠದ ಕೆತ್ತನೆ, ಗೋಡೆಯಂಚಿನ ಬಳ್ಳಿಚಿತ್ರ, ಮರದ ಪ್ರವಚನಪೀಠ ಯಾವುದೂ ಯಾರ ಲೆಕ್ಕಕ್ಕೂ ಬಾರದೆ ಮರೆಯಾಗುವುದುಂಟು. ಗುತ್ತಿಗೆದಾರನಿಗೆ ಅಪ್ಪಣೆ ಕೊಡುವ ಮೊದಲು ತಿಳಿದವರೊಬ್ಬರನ್ನು ಕರೆದು ತೋರಿಸಿದರೆ ಹೆಚ್ಚಿನ ಖರ್ಚೇನೂ ಇಲ್ಲ.

ಮಂಗಳೂರಿನ ಬಳಿಕ ಮೊಸ್ಕೆನಿಯವರು ಮುಂಬಯಿಯ ಪವಿತ್ರ ನಾಮದ ದೇವಾಲಯದಲ್ಲಿ ಚಿತ್ರ ಬರೆದರು. ಕೊನೆಯ ಕರೆ ಬಂದುದು ಕೊಚ್ಚಿಯ ಸಾಂತಾಕ್ರೂಸ್ ಕೆಥೆಡ್ರಲಿನಿಂದ. ಪೋರ್ಚುಗೀಸರ ಕಾಲದ ಹಳೆಯ ಮಂದಿರವನ್ನು ಡಚ್ಚರು ಉಳಿಸಿದ್ದರೂ 1795ರಲ್ಲಿ ಕೊಚ್ಚಿಯನ್ನು ವಶಪಡಿಸಿಕೊಂಡ ಆಂಗ್ಲರು ಕೆಡವಿದ್ದರು. ಅದರ ಒಂದು ಶಿಲಾಸ್ತಂಭ ಮಾತ್ರ ಇಂದಿಗೂ ಆವರಣದಲ್ಲಿ ನಿಂತಿದೆ. ಸುಮಾರು ನೂರು ವರ್ಷಗಳ ಬಳಿಕ ಅಲ್ಲಿ ಎದ್ದ ಹೊಸ ಮಂದಿರದಲ್ಲಿ ಮೊಸ್ಕೆನಿಯವರು ಪ್ರಭುವಿನ ಯಾತನೆಯನ್ನೂ ಕಡೆಯ ಭೋಜನವನ್ನೂ ಚಿತ್ರಿಸಿದರು. ಮಂಗಳೂರಿನವರೇ ಆದ ದ ಗಾಮ ಎಂಬ ಶಿಷ್ಯರು ಅವರಿಗೆ ನೆರವಾದರು.

ಕೆಲಸ ಮುಗಿಯುವ ವೇಳೆಗೆ ಅವರ ಆಯುಷ್ಯವೂ ಮುಗಿದಿತ್ತು. ಅವರಿಗೆ ಆಗ ಐವತ್ತೊಂದು ವರ್ಷ. ಮಂದಿರದ ಅಭಿಷೇಕ 1905ರ ನವೆಂಬರ್ 19ರಂದು ನೆರವೇರಿತು. ಮೊಸ್ಕೆನಿಯವರು ಅದಕ್ಕೆ ಕೆಲವೇ ದಿನ ಮೊದಲು ಕೊಚ್ಚಿಯಲ್ಲಿಯೇ ಪ್ರಭುವಿನ ಪಾದ ಸೇರಿದ್ದರು. ತಾವು ಬರೆದ ಚಿತ್ರಗಳ ಮುಂದೆ ಅಂದು ನಡೆದ ಬಲಿಪೂಜೆಯನ್ನು ಕಾಣುವ ಭಾಗ್ಯ ಅವರಿಗೆ ದೊರೆಯಲಿಲ್ಲ.